ರೆಕ್ಕೆಯಿಲ್ಲದ ಕಣಜಕ್ಕೆ ಇರುವೆಯ ಹೆಸರು

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಆರುವ ಹೊತ್ತಿಗೆ ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಗಳ ಬದುವಿನಲ್ಲಿ ಕೂತು ನೋಡಿ. ಇಟ್ಟಿಗೆ ಕೆಂಪಿನ ಎದೆ, ಕಪ್ಪು ಹೊಟ್ಟೆ, ಅದರ ಮೇಲೆ ಬಿಳಿ ಚುಕ್ಕೆ, ಮೈತುಂಬ ಮಖಮಲ್ಲಿನಂಥ ಕೂದಲು ಇರುವ ಒಂಟಿ ‘ಇರುವೆ’ಯೊಂದು ಓಡಾಡುತ್ತಿರುತ್ತದೆ. ಸಾಲು ಕಟ್ಟುವುದಿಲ್ಲ, ಕಾಳು ಹೊರುವುದಿಲ್ಲ. ಸಣ್ಣ ಬಿಲ ಸಿಕ್ಕಲ್ಲೆಲ್ಲ ನಿಂತು, ಮೀಸೆಯಿಂದ ತಡವಿ ನೋಡಿ, ಮುಂದಕ್ಕೆ ಹೋಗುತ್ತದೆ. ಕಡ್ಡಿಯಿಂದ ಒತ್ತಿ ಹಿಡಿದರೆ ಹೊಟ್ಟೆಯ ಪದರಗಳನ್ನು ಉಜ್ಜಿ ಕಿಚಕಿಚ ಸದ್ದು ಮಾಡುತ್ತದೆ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಕುಟುಕಿನ ಉರಿ ಜೋರಾಗಿರುತ್ತದೆ.

ಇದು ರೆಕ್ಕೆಯಿಲ್ಲದ ಹೆಣ್ಣು ಕಣಜ. ಇಂಗ್ಲಿಷಿನಲ್ಲಿ ಇದಕ್ಕಿರುವ ವೆಲ್ವೆಟ್ ಇರುವೆ ಎಂಬ ಹೆಸರಿನಲ್ಲೇ ಅದನ್ನು ಗುರುತಿಸುವ ತೊಡಕು ಶುರುವಾಗುತ್ತದೆ.

1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಜೀವಿಗಳನ್ನು ವರ್ಗೀಕರಿಸಿದ ತನ್ನ ಪಟ್ಟಿಯಲ್ಲಿ ಇರುವೆಗಳ ಕುಲವಾದ ‘ಫಾರ್ಮಿಕಾ’ದ ಬೆನ್ನಿಗೇ ಇವುಗಳನ್ನು ‘ಮ್ಯುಟಿಲ್ಲಾ’ ಎಂಬ ಕುಲದಲ್ಲಿ ಇಟ್ಟ. ಲ್ಯಾಟಿನ್ನಿನಲ್ಲಿ ಅಂಗ ಕಡಿದುಹೋದದ್ದು ಎಂಬ ಅರ್ಥದ ಪದದಿಂದ ಬಂದ ಹೆಸರು ಅದು. 1802ರಲ್ಲಿ ಫ್ರಾನ್ಸಿನ ಕೀಟತಜ್ಞ ಲಾತ್ರೇಯ್ ಈ ಗುಂಪಿಗೆ ಕುಟುಂಬದ ಸ್ಥಾನ ಕೊಟ್ಟ. ಇಂದಿಗೂ ಅದು ಮ್ಯುಟಿಲ್ಲಿಡೇ ಕುಟುಂಬ. ಜಗತ್ತಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ನಿಜವಾದ ಗೋಜಲು ಇರುವುದು ಗಂಡಿನಲ್ಲಿ. ಅದಕ್ಕೆ ರೆಕ್ಕೆಗಳಿವೆ, ಕುಟುಕಲು ಕೊಂಡಿಯಿಲ್ಲ, ಬಣ್ಣ ಮತ್ತು ಗಾತ್ರ ಎರಡೂ ಹೆಣ್ಣಿಗಿಂತ ಬೇರೆ. ಹೆಣ್ಣು ನೆಲದಲ್ಲಿ ಸಿಗುತ್ತದೆ, ಗಂಡು ಬಲೆಯಲ್ಲಿ. ಇವೆರಡೂ ಒಂದೇ ಎಂದು ಹೇಳುವ ಗುರುತು ಮೈಮೇಲೆ ಸುಲಭಕ್ಕೆ ಕಾಣುವುದಿಲ್ಲ. ಹೀಗಾಗಿ ಗಂಡಿಗೊಂದು, ಹೆಣ್ಣಿಗೊಂದು ಹೆಸರು ಬಿದ್ದವು. 1897ರಲ್ಲಿ ಸಿ. ಟಿ. ಬಿಂಗ್‌ಹ್ಯಾಮ್ ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳ ಸಂಪುಟ ಬರೆದಾಗ ಇಲ್ಲಿನ ಬಹುಪಾಲು ಪ್ರಭೇದಗಳು ‘ಮ್ಯುಟಿಲ್ಲಾ’ ಎಂಬ ಒಂದೇ ಕುಲದಲ್ಲಿ ತುಂಬಿಕೊಂಡಿದ್ದವು. ಎಷ್ಟೋ ಪ್ರಭೇದಗಳಿಗೆ ಗಂಡು ಇಲ್ಲವೇ ಹೆಣ್ಣು, ಒಂದರ ವಿವರಣೆ ಮಾತ್ರ ಇತ್ತು. ಆ ಕುಲವನ್ನು ಒಡೆದು ಹಲವು ಕುಲಗಳನ್ನಾಗಿ ಮಾಡುವ ಕೆಲಸ ಇಡೀ ಇಪ್ಪತ್ತನೆಯ ಶತಮಾನಕ್ಕೆ ಹಬ್ಬಿತು. 2005ರಲ್ಲಿ ರಷ್ಯಾದ ಕೀಟತಜ್ಞ ಲೆಲೇಯ್ ನಮ್ಮ ಭಾಗವೂ ಸೇರಿದ ಪೌರ್ವಾತ್ಯ ವಲಯದ ಪಟ್ಟಿಯನ್ನು ಒಂದೆಡೆ ತಂದರು.

ಜೋಡಿಯನ್ನು ಕೂಡಿಸುವ ದಾರಿ ಹೊಲದಲ್ಲೇ ಇದೆ, ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದೂ ಅದೇ. ಕೆಲವು ಕುಲಗಳಲ್ಲಿ ಗಂಡು ಹೆಣ್ಣನ್ನು ಎತ್ತಿಕೊಂಡೇ ಹಾರುತ್ತದೆ. ಹಾಗೆ ಕೂಡಿದ ಜೋಡಿ ಬಲೆಗೆ ಬಿದ್ದರೆ ಎಷ್ಟೋ ವರ್ಷಗಳ ಎರಡು ಹೆಸರು ಒಂದಾಗಬಹುದು. ಇನ್ನೊಂದು ದಾರಿ ಆ ಬಿಲಗಳದ್ದು. ನೆಲದಲ್ಲಿ ಗೂಡು ತೋಡುವ ಒಂಟಿ ಜೇನು, ಕಣಜಗಳ ಗೂಡಿಗೆ ಇಳಿದು, ಅವುಗಳ ಬಲಿತ ಮರಿ ಅಥವಾ ಗೂಡುಹುಳುವಿನ (ಪ್ಯೂಪಾ) ಮೇಲೆ ಹೆಣ್ಣು ಮೊಟ್ಟೆ ಇಡುತ್ತದೆ. ಅಂಥ ಗೂಡನ್ನು ತಂದು ಕಾದರೆ ಗಂಡು, ಹೆಣ್ಣು ಎರಡೂ ಹೊರಬರಬಹುದು. ಈಗ ಡಿಎನ್‌ಎ ಮೂರನೆಯ ಸಾಕ್ಷಿ.

ಆ ಡಿಎನ್‌ಎ ವಂಶವೃಕ್ಷವನ್ನೂ ಅಲುಗಾಡಿಸಿತು. 1975ರಲ್ಲಿ ಕೀಟತಜ್ಞ ಡೆನಿಸ್ ಬ್ರದರ್ಸ್ ಅಂಗರಚನೆಯನ್ನು ಹೋಲಿಸಿ ಮಾಡಿದ ವರ್ಗೀಕರಣ ಮೂರು ದಶಕ ನಿಂತಿತ್ತು. ಅದರಲ್ಲಿ ಮಿರ್ಮೋಸಾ ಎಂಬ ಕಣಜಗಳ ಗುಂಪು ಇದೇ ಕುಟುಂಬದ ಒಳಗಿತ್ತು. 2008ರ ಡಿಎನ್‌ಎ ಅಧ್ಯಯನ ಆ ಗುಂಪನ್ನು ಹೊರಗಿಟ್ಟಿತು. ವೆಲ್ವೆಟ್ ಇರುವೆಗಳು ಜೇಡ ಹಿಡಿಯುವ ಕಣಜಗಳ ನೆಂಟರಾದವು.

ಹೀಗಿರುವಾಗ ಮೊಬೈಲಿನಲ್ಲಿ ಬೆನ್ನಿನ ಒಂದೇ ಚಿತ್ರ ತೆಗೆದು ಪ್ರಭೇದ ಕೇಳುವುದು ಆತುರವಾಗುತ್ತದೆ. ಕುಟುಕುವ ಹಲವು ಪ್ರಭೇದಗಳು ಒಂದೇ ಎಚ್ಚರಿಕೆಯ ಬಣ್ಣ ತೊಟ್ಟಿರುತ್ತವೆ, ಹಕ್ಕಿ ಹಲ್ಲಿಗಳು ಒಂದರಿಂದ ಕಲಿತ ಪಾಠ ಎಲ್ಲವನ್ನೂ ಕಾಯುತ್ತದೆ. ಆದ್ದರಿಂದ ಬಣ್ಣಕ್ಕಿಂತ ಕಣ್ಣಿನ ಆಕಾರ, ಎದೆಯ ಗೆರೆಕುಳಿಗಳು, ಹೊಟ್ಟೆಯ ಎರಡನೆಯ ಕಟ್ಟಿನ ಪಕ್ಕದಲ್ಲಿ ಉದ್ದಕ್ಕೆ ಹಾಯುವ ದಟ್ಟ ಕೂದಲಿನ ಗೆರೆ, ಕೊನೆಯ ಕಟ್ಟಿನ ಮೇಲ್ಮೈ ಇವೇ ಮುಖ್ಯ. ಇವುಗಳಿಗೆ ಪಕ್ಕದಿಂದ, ಮುಂದಿನಿಂದ ತೆಗೆದ ಚಿತ್ರ ಬೇಕು. ಎಷ್ಟೋ ಸಲ ಸೂಕ್ಷ್ಮದರ್ಶಕವೇ ಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಉಳುಮೆಗೆ ಸಿಗದೆ ಉಳಿದ ಬದುಗಳು ಒಂಟಿ ಜೇನುಗಳಿಗೆ ಗೂಡು ತೋಡುವ ಜಾಗ. ಆ ಜೇನು ಹೋದರೆ ವೆಲ್ವೆಟ್ ಇರುವೆಯೂ ಹೋಗುತ್ತದೆ. ಹಾಗಾಗಿ ಚಿತ್ರದ ಜೊತೆಗೆ ಊರು, ದಿನಾಂಕ, ಮಣ್ಣು ಮಸಾರಿಯೋ ಎರೆಯೋ (ಕಪ್ಪು ಮಣ್ಣೋ) ಎಂಬುದನ್ನು ಬರೆದಿಡಿ. ಅದು ಯಾವ ಬಿಲಕ್ಕೆ ಇಳಿಯಿತು, ಆ ಬಿಲದಿಂದ ಬೇರೆ ಯಾವ ಹುಳು ಹಾರಿಬಂತು ಎಂಬುದನ್ನೂ ಗುರುತು ಹಾಕಿಕೊಳ್ಳಿ.