ನಿಧಾನಕ್ಕೆ ನುಡಿಸಿದರೆ ದನಿಗೆ ಜಾಗ

ಮಿಕ್ಸಿಂಗ್‌ಗೆ, ಅಂದರೆ ರೆಕಾರ್ಡ್ ಮಾಡಿದ ದನಿ-ವಾದ್ಯಗಳನ್ನು ಹದವಾಗಿ ಬೆರೆಸಿಕೊಳ್ಳಲು, ನನ್ನ ಹತ್ತಿರ ಬರುವ ಹುಡುಗರದ್ದು ಒಂದೇ ಮಾತು: "ಸರ್, ವಾಯ್ಸ್ ಕೇಳಿಸ್ತಿಲ್ಲ, ಸ್ವಲ್ಪ ಜಾಸ್ತಿ ಮಾಡಿ." ನಾನು ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಮುಟ್ಟುವುದಿಲ್ಲ. ದಿ ಗ್ಯಾದರಿಂಗ್ ಎಂಬ ರಾಕ್ ತಂಡದ 'ಸ್ಟ್ರೇಂಜ್ ಮೆಷಿನ್ಸ್' ಹಾಡು ಹಾಕಿ, ಹೆಡ್‌ಫೋನ್ ಕೈಗೆ ಕೊಡುತ್ತೇನೆ.

ನೆದರ್ಲೆಂಡ್ಸ್‌ನ ಓಸ್ ಎಂಬ ಊರಿನ ತಂಡ ಇದು. ಗಿಟಾರ್‌ನ ರೆನೆ, ಡ್ರಮ್ಸ್‌ನ ಹಾನ್ಸ್ ರುಟ್ಟನ್ ಅಣ್ಣತಮ್ಮಂದಿರು. 1989ರಲ್ಲಿ ತಂಡ ಶುರುವಾಯಿತು. 1992ರ ಮೊದಲ ಆಲ್ಬಂ 'ಆಲ್ವೇಸ್' ಡೂಮ್ (ತೀರಾ ನಿಧಾನದ ಮೆಟಲ್ ಸಂಗೀತ) ಮತ್ತು ಡೆತ್ ಮೆಟಲ್ (ಗರ್ಜಿಸಿ ಹಾಡುವ ಒರಟು ಮೆಟಲ್) ಬೆರೆತದ್ದು. ಭಾರವಾದ ಗಿಟಾರ್, ಅದರ ಮೇಲೆ ಬಾರ್ಟ್ ಸ್ಮಿಟ್ಸ್ ಅವರ ಗರ್ಜನೆ. ಗರ್ಜನೆಯ ಸದ್ದು ಗಿಟಾರ್‌ನ ಸದ್ದಿನಂತೆಯೇ ಒರಟು, ಎಲ್ಲ ಕಡೆ ಹರಡಿಕೊಳ್ಳುತ್ತದೆ. ಎರಡೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ.

ಆಮೇಲೆ ಗಾಯಕಿ ಆನೆಕೆ ವಾನ್ ಗಿಯರ್ಸ್‌ಬರ್ಗನ್ ಬಂದರು. ಜರ್ಮನಿಯ ಹಾಗನ್‌ನ ವುಡ್‌ಹೌಸ್ ಸ್ಟುಡಿಯೋದಲ್ಲಿ ಮಾಡಿದ 'ಮ್ಯಾಂಡಿಲಿಯನ್' 1995ರಲ್ಲಿ ಹೊರಬಂತು. ಹಾಡುಗಳು ಎಂಟೇ, 'ಸ್ಟ್ರೇಂಜ್ ಮೆಷಿನ್ಸ್' ಅದರಲ್ಲೊಂದು. ಗಿಟಾರ್ ಒಂದಿಷ್ಟೂ ತೆಳುವಾಗಲಿಲ್ಲ, ಆದರೂ ಆಕೆಯ ಒಂದೊಂದು ಅಕ್ಷರವೂ ಕೇಳುತ್ತದೆ. ಹೇಗೆ ಅಂದ್ರೆ, ತಿಳಿಯಾದ ದನಿಗೆ ಒಂದು ಸ್ವರ ಇರುತ್ತದೆ. ಅದನ್ನು ಎಳೆದು ಹಿಡಿದರೆ ನಮ್ಮ ಕಿವಿ ಅದರ ಬೆನ್ನು ಬಿಡುವುದಿಲ್ಲ. ಹಾಗೆ ಎಳೆಯಲು ಹೊತ್ತು ಬೇಕು ಅಲ್ವಾ? ನಿಮಿಷಕ್ಕೆ 60 ಬಡಿತದ ತಾಳದಲ್ಲಿ ಒಂದು ಬಡಿತಕ್ಕೆ ಪೂರ್ತಿ ಒಂದು ಸೆಕೆಂಡ್ ಸಿಗುತ್ತದೆ. 180 ಆದರೆ ಅದರ ಮೂರನೇ ಒಂದು ಪಾಲು. ಡೂಮ್‌ನಲ್ಲಿ ಬೆಳೆದ ತಂಡಕ್ಕೆ ಕಾಯುವುದು ಮೊದಲೇ ಗೊತ್ತಿತ್ತು.

ಒಮ್ಮೆ ಒಬ್ಬ ಹುಡುಗ 'ಸ್ಟ್ರೇಂಜ್ ಮೆಷಿನ್ಸ್' ಅನ್ನು ಎರಡು ಸಲ ಆಲಿಸಿದ. ಸುಮ್ನೆ ಎದ್ದು ಹೋಗಿ, ತನ್ನ ಹಾಡಿನ ಚರಣದಲ್ಲಿ ತಂತಿ ಮೀಟುವುದನ್ನು ಅರ್ಧಕ್ಕರ್ಧ ಕೈಬಿಟ್ಟು ಗಿಟಾರ್ ಮತ್ತೆ ನುಡಿಸಿದ. ಅವನ ತಂಡದಲ್ಲಿ ಹಾಡುವವಳ ಉಸಿರೂ ಕೇಳಿಸಿತು. ಫೇಡರ್ ಇದ್ದಲ್ಲೇ ಇತ್ತು.

'ಮ್ಯಾಂಡಿಲಿಯನ್' ಗೆದ್ದ ಮೇಲೆ ಅದನ್ನೇ ಹತ್ತು ಸಲ ಮಾಡಬಹುದಿತ್ತು. ಇವರು ಮಾಡಲಿಲ್ಲ. 1998ರ 'ಹೌ ಟು ಮೆಷರ್ ಎ ಪ್ಲಾನೆಟ್?' ಎರಡು ಸಿಡಿಯ ಆಲ್ಬಂ, ಅದರ ಹೆಸರಿನ ಹಾಡೇ 28 ನಿಮಿಷ! ಮೆಟಲ್ ಬಹುಪಾಲು ಕರಗಿಹೋಗಿತ್ತು. ನನ್ನ ಪ್ರಕಾರ ಅವರ ಅತಿ ಧೈರ್ಯದ ಕೆಲಸ ಇದು. 2003ರ 'ಸೂವನೀರ್ಸ್' ಆಲ್ಬಂ ಹೊತ್ತಿಗೆ ಇವರದೇ ಸ್ವಂತ ಲೇಬಲ್ (ಆಲ್ಬಂ ಹೊರತರುವ ಸಂಸ್ಥೆ) ಇತ್ತು. 2007ರಲ್ಲಿ ಆನೆಕೆ ತಂಡ ಬಿಟ್ಟರು. ಅವರ ಜಾಗಕ್ಕೆ ನಾರ್ವೆಯ ಸಿಲ್ಯೆ ವೆರ್ಗೆಲಾಂಡ್ ಬಂದು, 2009ರ 'ದಿ ವೆಸ್ಟ್ ಪೋಲ್'ನಲ್ಲಿ ಹಾಡಿದರು. 2022ರ 'ಬ್ಯೂಟಿಫುಲ್ ಡಿಸ್ಟಾರ್ಷನ್' ಕೂಡ ಅವರದೇ ದನಿ. ಅದನ್ನು ಹೆಡ್‌ಫೋನ್‌ನಲ್ಲೇ ಕೇಳಿ, ಹಾನ್ಸ್ ಅವರ ಡ್ರಮ್ಸ್ ಕಡೆ ಗಮನ ಕೊಡಿ. ಹಾಡುವವರನ್ನು ಆತ ಈಗಲೂ ಅವಸರ ಮಾಡುವುದಿಲ್ಲ.