ಸ್ಲೈಡರ್ ಚಂದ ಇದ್ದರೆ ಸಾಲದು, ಬೋಲ್ಟ್ ಎಲ್ಲಿ ಕೂತಿದೆ ನೋಡಿ

ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಬರುವ ಸ್ಪೋರ್ಟ್ಸ್ ಬೈಕುಗಳಲ್ಲಿ ಜಾಸ್ತಿಯವು ಓಡುವಾಗ ಬಿದ್ದವಲ್ಲ, ನಿಂತಲ್ಲೇ ಬಿದ್ದವು. ಅಂಗಳದ ಕೆಂಪು ಮಣ್ಣು ನೆನೆದು ಮೆತ್ತಗಾಗಿರುತ್ತದೆ. ರಾತ್ರಿ ಸೈಡ್ ಸ್ಟ್ಯಾಂಡ್ ಹಾಕಿ ಹೋದರೆ, ಬೆಳಿಗ್ಗೆ ಸ್ಟ್ಯಾಂಡ್ ಹೂತು ಬೈಕ್ ಎಡಕ್ಕೆ ಮಲಗಿರುತ್ತದೆ. ಉಳಿದವು ನಿಧಾನಕ್ಕೆ ಹೋಗುವಾಗ ಜಾರಿದವು. ಹೆದ್ದಾರಿ 66ರಲ್ಲಿ ಮೀನಿನ ಲಾರಿ ನೀರು ಚೆಲ್ಲಿದ ಜಾಗ, ಮಂಗಳೂರಿನ ನಂತೂರಿನಲ್ಲಿ ತಿರುಗುವಾಗ ಸಿಕ್ಕ ಜಲ್ಲಿ, ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನ ಪಾಚಿ. ವೇಗ ಗಂಟೆಗೆ 20, ಹೆಚ್ಚೆಂದರೆ 30 ಕಿ.ಮೀ. ಸವಾರನ ಮೊಣಕೈ ತರಚಿರುತ್ತದೆ. ಬೈಕಿನದ್ದು ಹಾಗಲ್ಲ. ಫೇರಿಂಗ್ (ಬೈಕಿನ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ಸೀಳಿ, ಲಿವರ್ ಮುರಿದು, ಕೆಲವೊಮ್ಮೆ ಇಂಜಿನ್ ಕವರೇ ತೂತಾಗಿ ಬರುತ್ತದೆ.

ಹೀಗೆ ಬೀಳುವ ಬೈಕುಗಳಿಗೇ ಕ್ರ್ಯಾಶ್ ಪ್ರೊಟೆಕ್ಟರ್ (ಬದಿಗೆ ಹಾಕುವ ಸ್ಲೈಡರ್, ಗಾರ್ಡ್‌ನಂಥದ್ದು) ಇರುವುದು. ನೂರರ ವೇಗದಲ್ಲಿ ಡಿವೈಡರಿಗೆ ಗುದ್ದಿದರೆ ಅದು ಏನೂ ಮಾಡಲಾರದು. ಮತ್ತೆ, ಅದು ಕಾಯುವುದು ಬೈಕನ್ನು, ಸವಾರನನ್ನಲ್ಲ. ಹೆಲ್ಮೆಟ್, ಗ್ಲೌಸಿನ ದುಡ್ಡು ಉಳಿಸಿ ಸ್ಲೈಡರ್ ಹಾಕಿಸಲು ಬಂದವರನ್ನು ನಾನು ಸುಮ್ನೆ ವಾಪಸ್ ಕಳಿಸುತ್ತೇನೆ.

ಮಣಿಪಾಲ, ಸುರತ್ಕಲ್ ಕಡೆಯ ಕಾಲೇಜು ಹುಡುಗರು ಬಂದು ಕೇಳುವುದು ಹೀಗೆ: "ಅಣ್ಣ, ಗಾರ್ಡ್ ಹಾಕ್ಲಿಕ್ಕುಂಟು." ಗಾರ್ಡ್ ಅಂದರೆ ಅವರ ಕಣ್ಣಲ್ಲಿ ಬುಲೆಟ್‌ಗೆ ಹಾಕುವಂಥ ಕಬ್ಬಿಣದ ಪೈಪು. ಫೇರಿಂಗ್ ಇಲ್ಲದ ಡ್ಯೂಕ್‌ನಂಥ ಬೈಕಿಗೆ ಪೈಪಿನ ಗಾರ್ಡ್ ಒಳ್ಳೆಯದೇ. ಆದರೆ ಆರ್15, ಆರ್‌ಸಿ 390, ಅಪಾಚೆ ಆರ್‌ಆರ್ 310 ಮುಂತಾದವಕ್ಕೆ ಮೈತುಂಬಾ ಫೇರಿಂಗ್. ಇಲ್ಲಿ ಬೇಕಾದದ್ದು ಫ್ರೇಮ್ ಸ್ಲೈಡರ್. ಮುಷ್ಟಿ ಗಾತ್ರದ ಪ್ಲಾಸ್ಟಿಕ್ ಉಂಡೆ, ಅದರ ನಡುವೆ ಒಂದು ಉದ್ದನೆಯ ಬೋಲ್ಟ್. ಬೈಕ್ ಅಡ್ಡ ಬಿದ್ದಾಗ ಮೊದಲು ಈ ಉಂಡೆ ರಸ್ತೆಗೆ ತಾಗಬೇಕು, ಸವೆಯುತ್ತ ಜಾರಬೇಕು.

ಉಂಡೆ ಯಾವುದರದ್ದು? ಡೆಲ್ರಿನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್), ನೈಲಾನ್ ಅಥವಾ ಗಟ್ಟಿ ಪಾಲಿಥಿನ್ ಆದರೆ ಸರಿ. ಇವು ಡಾಂಬರಿನ ಮೇಲೂ ಕಾಂಕ್ರೀಟಿನ ಮೇಲೂ ಜಾರುತ್ತವೆ. ರಬ್ಬರ್ ಬೇಡವೇ ಬೇಡ. ಅದು ರಸ್ತೆಯನ್ನು ಹಿಡಿದುಕೊಳ್ಳುತ್ತದೆ, ಜಾರಿ ನಿಲ್ಲಬೇಕಾದ ಬೈಕ್ ಪಲ್ಟಿ ಹೊಡೆಯುತ್ತದೆ. ಬಣ್ಣಬಣ್ಣದ ಅಲ್ಯೂಮಿನಿಯಂ ತುದಿಯವು ಫೋಟೋಗೆ ಚಂದ, ಅಷ್ಟೇ. ಇನ್ನು ಬೋಲ್ಟಿನ ತಲೆ ಉಂಡೆಯೊಳಗೆ ಎಷ್ಟು ಆಳದಲ್ಲಿದೆ ಎಂದು ಬೆರಳು ಹಾಕಿ ನೋಡಿ. ಮೇಲೇ ಇದ್ದರೆ ಪ್ಲಾಸ್ಟಿಕ್ ಸ್ವಲ್ಪ ಸವೆದ ಕೂಡಲೇ ಕಬ್ಬಿಣ ರಸ್ತೆಗೆ ತಾಗುತ್ತದೆ. ಉಂಡೆಯ ಒಳಗೆ ಲೋಹದ ಕೊಳವೆಯೂ ಇರಬೇಕು. ಬೋಲ್ಟ್ ನೇರವಾಗಿ ಪ್ಲಾಸ್ಟಿಕ್ಕನ್ನೇ ಒತ್ತಿ ಹಿಡಿದಿದ್ದರೆ, ಬಿಸಿಗೂ ಒತ್ತಡಕ್ಕೂ ಪ್ಲಾಸ್ಟಿಕ್ ಕುಗ್ಗಿ ಬೋಲ್ಟ್ ತಾನಾಗಿಯೇ ಸಡಿಲವಾಗುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಮೊದಲು ಕೈಬಿಟ್ಟಿರುವುದು ಈ ಕೊಳವೆಯನ್ನೇ.

ಇಷ್ಟನ್ನು ಅಂಗಡಿಯಲ್ಲೇ ನೋಡಬಹುದು. ನಿಜವಾದ ವಿಷಯ ಇರುವುದು ಬೈಕಿನಲ್ಲಿ. ಹೆಚ್ಚಿನ ಸ್ಲೈಡರುಗಳು ಕೂರುವುದು ಇಂಜಿನ್ ಮೌಂಟಿನ ಬೋಲ್ಟ್ ಜಾಗದಲ್ಲಿ, ಅಂದರೆ ಇಂಜಿನ್ ಫ್ರೇಮಿಗೆ ಸೇರುವಲ್ಲಿ. ಬಿದ್ದಾಗಿನ ಹೊಡೆತ ಪೂರ್ತಿ ಹೋಗುವುದು ಅಲ್ಲಿಗೇ. ಸ್ಲೈಡರ್ ಉದ್ದ ಆದಷ್ಟೂ ಹೊಡೆತದ ತಿರುಚು ಹೆಚ್ಚು. ಹಾರೆ ಹಾಕಿ ಕಲ್ಲು ಎಬ್ಬಿಸಿದ ಹಾಗೆ, ಹೊರಚಾಚಿದ ತುದಿಗೆ ಬಿದ್ದ ಸಣ್ಣ ಪೆಟ್ಟೂ ಬುಡದಲ್ಲಿ ದೊಡ್ಡದಾಗುತ್ತದೆ. ಆಗ ಬೋಲ್ಟ್ ಬಗ್ಗಿದರೆ ನಿಮ್ಮ ಪುಣ್ಯ. ಬಗ್ಗದೆ ಹೋದರೆ ಇಂಜಿನ್ನಿನಲ್ಲಿ ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಬಿರುಕು ಬಿಡುತ್ತದೆ. ಫೇರಿಂಗ್ ಒಡೆದರೆ ಕೆಲವು ಸಾವಿರ. ಇಂಜಿನ್ ಕೇಸ್ ಒಡೆದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಸ್ಲೈಡರ್ ಸಾಯಬೇಕು, ಬೋಲ್ಟ್ ಬಗ್ಗಬೇಕು, ಮೌಂಟ್ ಉಳಿಯಬೇಕು. ಸೆಟ್ ಆರಿಸುವಾಗ ನಾನು ನೋಡುವುದು ಇದೇ ಕ್ರಮವನ್ನು.

ಹಾಗಾಗಿ ಎರಡು ಕಡೆ ಬೋಲ್ಟ್ ಹಿಡಿಯುವ ದಪ್ಪ ಪ್ಲೇಟಿನ ಸೆಟ್ ಸಿಕ್ಕರೆ ನಾನು ಅದನ್ನೇ ಹಾಕುತ್ತೇನೆ. ಹೊಡೆತ ಎರಡು ಕಡೆಗೆ ಹಂಚಿಹೋಗುತ್ತದೆ. ಫೇರಿಂಗ್ ಕೊರೆಯುವುದು ಬೇಡವೆಂದು ಎಲ್ (ಇಂಗ್ಲಿಷ್ ಅಕ್ಷರ) ಆಕಾರದ ತೆಳು ಬ್ರ್ಯಾಕೆಟ್ ಹಾಕಿ ಪಕ್ಕಕ್ಕೆ ತಂದವೂ ಇವೆ. ಅಂಥ ಬ್ರ್ಯಾಕೆಟ್ ಬಿದ್ದಾಗ ಒಳಕ್ಕೆ ಮಡಚಿ ಫೇರಿಂಗನ್ನು ತಾನೇ ಒಡೆಯುವುದುಂಟು. ಜಾಗ ಸರಿ ಇದ್ದರೆ ಫೇರಿಂಗಿನಲ್ಲಿ ಒಂದು ತೂತು ಕೊರೆದು ನೇರ ಬೋಲ್ಟ್ ಹಾಕುವುದೇ ವಾಸಿ. ಹೊಸ ಬೈಕ್ ಕೊರೆಯಲು ಮನಸ್ಸು ಬಾರದು, ಅದು ಬೇರೆ ಮಾತು.

ಎಷ್ಟು ಉದ್ದ ಬೇಕು ಎನ್ನುವುದಕ್ಕೆ ಒಂದು ನೇರ ಪಟ್ಟಿ ಸಾಕು. ಹ್ಯಾಂಡಲಿನ ತುದಿಯಿಂದ ಫುಟ್‌ರೆಸ್ಟಿನ ತುದಿಗೆ ಪಟ್ಟಿ ಹಿಡಿಯಿರಿ. ಫೇರಿಂಗಿನ ಯಾವ ಉಬ್ಬು ಪಟ್ಟಿಗೆ ತಾಗುತ್ತದೋ, ಬೈಕ್ ಬಿದ್ದಾಗ ಒಡೆಯುವುದು ಅದೇ. ಸ್ಲೈಡರ್ ಆ ಉಬ್ಬಿಗಿಂತ ಒಂದೆರಡು ಸೆಂ.ಮೀ. ಹೊರಗಿದ್ದರೆ ಸಾಕು. ನಾಲ್ಕು ಬೆರಳು ಹೊರಚಾಚಿದ್ದು ಟ್ರಾಫಿಕ್ಕಿನಲ್ಲಿ ಪಕ್ಕದ ಸ್ಕೂಟರಿಗೂ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಕೂರಿಸುವುದು. ಇಂಜಿನ್ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಡಿ. ಎತ್ತಬೇಡಿ, ಭಾರ ತಾಗಿದರೆ ಸಾಕು. ಸೈಲೆನ್ಸರ್ ಪೈಪಿಗೂ ಆಯಿಲ್ ಫಿಲ್ಟರಿಗೂ ಜ್ಯಾಕ್ ಕೊಡಬಾರದು. ಒಂದು ಬದಿ ಮುಗಿಸಿ ಬಿಗಿ ಮಾಡಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿ. ಎರಡೂ ಬೋಲ್ಟ್ ಒಟ್ಟಿಗೆ ತೆಗೆದರೆ ಇಂಜಿನ್ ಒಂದು ನೂಲು ಕೆಳಗಿಳಿಯುತ್ತದೆ, ತೂತಿಗೆ ತೂತು ಕೂಡುವುದಿಲ್ಲ. ಆಮೇಲೆ ಸುತ್ತಿಗೆ ಬರುತ್ತದೆ, ಥ್ರೆಡ್ ಹೋಗುತ್ತದೆ.

ತೆಗೆದ ಹಳೆ ಬೋಲ್ಟನ್ನು ಹೊಸದರ ಪಕ್ಕ ಇಟ್ಟು ಅಳೆಯಿರಿ. ಹೊಸದರ ಉದ್ದದಲ್ಲಿ ಕೊಳವೆ, ಪ್ಲೇಟುಗಳ ದಪ್ಪ ಕಳೆದರೆ ಹಳೆಯದರಷ್ಟೇ ಉಳಿಯಬೇಕು. ಗಿಡ್ಡವಾದರೆ ಥ್ರೆಡ್ ಸಾಕಷ್ಟು ಹಿಡಿಯುವುದಿಲ್ಲ. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಆಳ ಬೇಕು, ಅಂದರೆ 10 ಎಂ.ಎಂ. ಬೋಲ್ಟಿಗೆ 15 ಎಂ.ಎಂ. ಉದ್ದವಾದರೆ ಇನ್ನೂ ಅಪಾಯ. ಮುಚ್ಚಿದ ತೂತಿನ ತಳಕ್ಕೆ ತುದಿ ಗುದ್ದಿ ನಿಲ್ಲುತ್ತದೆ, ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಟಿಕ್ ಅನ್ನುತ್ತದೆ, ಮೌಂಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಬಿಗಿತದ ಅಳತೆ ಬೈಕಿನಿಂದ ಬೈಕಿಗೆ ಬೇರೆ. ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟೇ ಕೊಡಿ, ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಎರಡು ಹನಿ ಹಾಕಿ. ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೆ ಬಿಗಿ ಇದೆಯಾ ಎಂದು ಮತ್ತೆ ನೋಡಬೇಕು. ಇದಕ್ಕೆ ಯಾರೂ ವಾಪಸ್ ಬರುವುದಿಲ್ಲ ಮಾರಾಯ್ರೆ, ಫೋನ್ ಮಾಡಿ ಕರೆಯಬೇಕಾಗುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತಕರಾರು ಉಂಟು. ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿಯುತ್ತದೆ, ಹಾಗಾಗಿ ಎಲ್ಲರಿಗೂ ಹೊಳೆಯುವ ಸ್ಟೀಲ್ ಬೋಲ್ಟ್ ಬೇಕು. ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟಿನ ತಲೆಯ ಮೇಲೆ ಸಾಮಾನ್ಯವಾಗಿ ಎ2-70 ಎಂದಿರುತ್ತದೆ. ಅದರ ಬಲ, ಅಂದರೆ ತುಂಡಾಗದೆ ತಡೆಯುವ ಎಳೆತ, 700 ಮೆಗಾಪಾಸ್ಕಲ್. ಇಂಜಿನ್ ಮೌಂಟಿಗೆ ಸಾಮಾನ್ಯವಾಗಿ ಬರುವ 10.9 ಗ್ರೇಡಿನದ್ದು ಸಾವಿರದ ಮೇಲೆ. ಅಂದರೆ ತುಕ್ಕಿಗೆ ಹೆದರಿ ಮೂರನೇ ಒಂದು ಪಾಲು ಬಲ ಬಿಟ್ಟುಕೊಟ್ಟ ಹಾಗಾಯಿತು. ಸಾಲದ್ದಕ್ಕೆ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರು ಕೂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕೊರೆದುಹೋಗುತ್ತದೆ. ಸತುವಿನ ಲೇಪ ಇರುವ 10.9 ಬೋಲ್ಟನ್ನೇ ಹಾಕಿ. ತಲೆಯ ಗುಳಿಗೆ ಗ್ರೀಸ್ ತುಂಬಿ ಮುಚ್ಚಳ ಒತ್ತಿ. ಮಳೆಗಾಲ ಕಳೆದ ಮೇಲೆ ಒಮ್ಮೆ ತೆರೆದು ನೋಡಿ.

ಫ್ರೇಮ್ ಸ್ಲೈಡರ್ ಆದ ಮೇಲೂ ಕೈಯಲ್ಲಿ ದುಡ್ಡು ಉಳಿದರೆ ಇಂಜಿನ್ ಕವರಿನ ಮೇಲೆ ಕೂರುವ ರಕ್ಷೆ ಹಾಕಿಸಿ. ಕವರ್ ಸವೆದು ತೂತಾದರೆ ಆಯಿಲ್ ಹಿಂದಿನ ಟಯರಿಗೆ ಬರುತ್ತದೆ, ಎರಡನೇ ಸಲ ಬೀಳುವುದು ಅಲ್ಲಿ. ಚಕ್ರದ ಅಚ್ಚಿನ ತುದಿಗೆ ಹಾಕುವ ಆಕ್ಸಲ್ ಸ್ಲೈಡರ್ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ಬುಡವನ್ನೂ ಸ್ವಿಂಗ್ ಆರ್ಮನ್ನೂ (ಹಿಂದಿನ ಚಕ್ರ ಹಿಡಿಯುವ ತೋಳು) ಉಳಿಸುತ್ತದೆ. ಹಿಂದಿನ ಚಕ್ರದ ಬಳಿಯ ಸಣ್ಣ ಉರುಳೆ, ಅಂದರೆ ಬಾಬಿನ್ನು, ಪ್ಯಾಡಕ್ ಸ್ಟ್ಯಾಂಡ್ (ಚಕ್ರ ಎತ್ತಿ ಬೈಕ್ ನಿಲ್ಲಿಸುವ ಸ್ಟ್ಯಾಂಡ್) ಹಿಡಿಯಲು ಇರುವುದು, ಅದನ್ನು ಗಾರ್ಡ್ ಎಂದು ಮಾರುವವರ ಮಾತು ನಂಬಬೇಡಿ. ಮಣ್ಣಿನಲ್ಲಿ ನಿಲ್ಲಿಸುವವರಿಗಂತೂ ಸೈಡ್ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಹಲಗೆಯ ತುಂಡು ಎಲ್ಲಕ್ಕಿಂತ ಅಗ್ಗದ ಪ್ರೊಟೆಕ್ಟರ್.

ಒಮ್ಮೆ ಬಿದ್ದ ಮೇಲೆ ಉಂಡೆಯನ್ನಷ್ಟೇ ಬದಲಿಸಿದರೆ ಆಗಲಿಲ್ಲ. ಬೋಲ್ಟ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿ. ಕುಂಟಿದರೆ ಬಗ್ಗಿದೆ ಎಂದರ್ಥ, ಬಿಸಾಡಿ. ಮೌಂಟಿನ ಸುತ್ತ ಒರೆಸಿ, ಟಾರ್ಚ್ ಬಿಟ್ಟು ಬಿರುಕು ಹುಡುಕಿ. ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದಾಗಲೂ ಮೊದಲು ಕಣ್ಣು ಹಾಯಿಸಬೇಕಾದದ್ದು ಇಲ್ಲಿಗೇ. ಸವೆದ ಸ್ಲೈಡರ್ ಇದ್ದರೆ ಹೆದರಬೇಕಿಲ್ಲ, ಬಿದ್ದದ್ದು ಕಾಣುತ್ತದೆ, ಬೆಲೆ ಮಾತಾಡಬಹುದು. ಒಂದು ಬದಿಯದ್ದು ಹಳತು, ಇನ್ನೊಂದು ಬದಿಯದ್ದು ಹೊಚ್ಚ ಹೊಸತು ಇದ್ದರೆ ಆ ಹೊಸ ಬದಿಯ ಬೋಲ್ಟ್ ಬಿಚ್ಚಿ ತೋರಿಸಲು ಕೇಳಿ.