ನಾಜಲ್ ಕೆಡುವುದು ಕೊಟ್ಟಿಗೆ ಮೂಲೆಯ ಬ್ಯಾರಲ್‌ನಲ್ಲಿ

ಆರಿದ್ರಾ ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತಿತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ಬಿಡುವಿಲ್ಲ. ಅವನ್ನು ರಿಪೇರಿ ಮಾಡುವವರಿಗೂ ಬಿಡುವಿಲ್ಲ. ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಬೆಳಿಗ್ಗೆ ಸ್ಟಾರ್ಟ್ ಆಗೋದಿಲ್ಲ, ಆದರೂ ಮಿಸ್ಸಿಂಗ್, ಕೆಸರಲ್ಲಿ ಲೋಡ್ ಬಿದ್ದ ಕೂಡಲೇ ಕಪ್ಪು ಹೊಗೆ. ಫಿಲ್ಟರ್ ಬಿಚ್ಚಿದರೆ ತಳದಲ್ಲಿ ನೀರು. ಆಮೇಲೆ ಎಲ್ಲರೂ ಸೇರಿ ಬಂಕಿನವರಿಗೆ ಬೈಯುತ್ತಾರೆ.

ಬಂಕಿನಲ್ಲಿ ತಪ್ಪೇ ಆಗೋದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ನನಗೆ ಮೊದಲ ಅನುಮಾನ ಬರುವುದು ಬಂಕಿನ ಮೇಲಲ್ಲ, ನಮ್ಮ ಕೊಟ್ಟಿಗೆ ಮೂಲೆಯಲ್ಲಿ ನಿಂತಿರುವ ಡೀಸೆಲ್ ಬ್ಯಾರಲ್ ಮೇಲೆ. ಆ ಲೆಕ್ಕಕ್ಕೆ ಬರುವ ಮುಂಚೆ ನಾಜಲ್ ಎಷ್ಟು ನಾಜೂಕು ಅನ್ನೋದನ್ನು ನೋಡಬೇಕು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಒತ್ತಿ ಒತ್ತಿ ಕಾಯಿಸುತ್ತದೆ, ಆ ಬಿಸಿಗಾಳಿಗೆ ಡೀಸೆಲ್ಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವುದು ಇಂಜೆಕ್ಟರ್, ಅದರ ತುದಿಯೇ ನಾಜಲ್. ನಾಜಲ್ ಒಳಗೆ ಒಂದು ಸೂಜಿ ಮೇಲೆ ಕೆಳಗೆ ಆಡುತ್ತದೆ. ಆ ಸೂಜಿಗೂ ಅದು ಆಡುವ ತೂತಿಗೂ ನಡುವೆ ಇರುವ ಸಂದು ಸುಮಾರು 2ರಿಂದ 4 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇಂಜೆಕ್ಟರ್‌ಗೆ ಡೀಸೆಲ್ ನೂಕುವ ಪಂಪ್ ಒಳಗೆ ಆಡುವ ದಂಡ, ಅಂದರೆ ಪ್ಲಂಜರ್ ಕಥೆಯೂ ಇದೇ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಬರಿಗಣ್ಣಿಗೆ 40 ಮೈಕ್ರಾನ್‌ಗಿಂತ ಸಣ್ಣ ಕಣ ಕಾಣುವುದು ಕಷ್ಟ. ಹಾಗಾಗಿ ಕ್ಯಾನ್ ಎತ್ತಿ ಬೆಳಕಿಗೆ ಹಿಡಿದು ‘ಕ್ಲೀನ್ ಇದೆ’ ಅಂದರೆ ದೊಡ್ಡ ಕಸ ಇಲ್ಲ ಅಂತ ಅಷ್ಟೇ ಅರ್ಥ. ನಾಜಲ್ಲನ್ನು ಸವೆಸುವ ಕಣಗಳು ಕಣ್ಣಿಗೆ ಬೀಳುವುದೇ ಇಲ್ಲ.

ಸಂದಿಗಿಂತ ತುಂಬಾ ದೊಡ್ಡ ಕಣ ಒಳಗೆ ಹೋಗಲಾರದು, ತುಂಬಾ ಚಿಕ್ಕದು ಸುಮ್ನೆ ಹಾದುಹೋಗುತ್ತದೆ. ಹಾಳು ಮಾಡುವುದು ಸಂದಿನಷ್ಟೇ ಗಾತ್ರದ್ದು. ನಮ್ಮ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇದೆ, ಅದು ಗಟ್ಟಿ ಮಾಡಿದ ಉಕ್ಕನ್ನೂ ಗೀರಬಲ್ಲದು. ಸೂಜಿ ಕೂರುವ ಜಾಗದಲ್ಲಿ ಒಂದು ಗೀರು ಬಿದ್ದರೆ ನಾಜಲ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮಂಜಾಗಿ ಹೋಗಬೇಕಾದ ಡೀಸೆಲ್ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಹನಿ ಪೂರ್ತಿ ಉರಿಯುವುದಿಲ್ಲ, ಅದೇ ಕಪ್ಪು ಹೊಗೆ. ಹಾಗೇ ಬಿಟ್ಟು ಓಡಿಸಿದರೆ ಹಾನಿ ಪಿಸ್ಟನ್‌ವರೆಗೂ ಹೋಗುತ್ತದೆ.

ಸೂಜಿಗೂ ಪ್ಲಂಜರ್‌ಗೂ ಬೇರೆ ಆಯಿಲ್ ಹಾಕುವುದಿಲ್ಲ, ಅವಕ್ಕೆ ಡೀಸೆಲ್ಲೇ ಆಯಿಲ್. ಅಲ್ಲಿಗೆ ನೀರು ಬಂದರೆ ಜಿಡ್ಡಿನ ಪದರ ಹರಿದುಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ನಾಟಿ ಮುಗಿಸಿ ಗಾಡಿಯನ್ನು ಕೊಯ್ಲಿನವರೆಗೆ ಶೆಡ್ಡಿಗೆ ಹಾಕಿದರೆ ಅದೇ ನೀರು ಸೂಜಿಗೆ ತುಕ್ಕು ಹಿಡಿಸುತ್ತದೆ. ಓಡುವಾಗ ಆಗುವ ಹಾನಿ ಒಂದು ಥರ, ನಿಂತಾಗ ಆಗುವುದು ಇನ್ನೊಂದು ಥರ.

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬರುತ್ತಿರುವುದು ಬಿಎಸ್-6 ಡೀಸೆಲ್. ಅದರಲ್ಲಿ ಗಂಧಕ 10 ಪಿಪಿಎಂ ಮೀರಬಾರದು, ಹಿಂದಿನ ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಾರುವ ಗುಣವೂ ಸ್ವಲ್ಪ ಹೋಗುತ್ತದೆ, ಅದನ್ನು ಕಂಪನಿಗಳು ಬೇರೆ ರಾಸಾಯನಿಕ ಸೇರಿಸಿ ಸರಿದೂಗಿಸುತ್ತವೆ. ಹಾಗಾಗಿ ಸುಮ್ನೆ ಹೆದರಬೇಕಿಲ್ಲ. ಸೀಮೆಎಣ್ಣೆ ಬೆರೆಸುವ ಹಳೇ ಚಾಳಿ ಮಾತ್ರ ಈಗ ಇನ್ನೂ ದುಬಾರಿ. ಸೀಮೆಎಣ್ಣೆಗೆ ಜಿಡ್ಡೇ ಕಡಿಮೆ.

ಹಳೇ ಟ್ರ್ಯಾಕ್ಟರ್‌ಗಳು ಸ್ವಲ್ಪ ಸಹಿಸಿಕೊಳ್ಳುತ್ತವೆ. ಹಳಬರು ಇವತ್ತಿಗೂ ‘ಮೈಕೋ ಪಂಪ್’ ಅನ್ನುತ್ತಾರಲ್ಲ, 1950ರ ದಶಕದಿಂದ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಾದ ಆ ಥರದ ಪಂಪ್ ಇರುವ ಎಂಜಿನ್‌ನಲ್ಲಿ ನಾಜಲ್ ತೆರೆಯುವ ಒತ್ತಡ 200 ಬಾರ್ ಆಸುಪಾಸು. ಕೆಟ್ಟರೆ ತಾಲ್ಲೂಕು ಕೇಂದ್ರದಲ್ಲೇ ನಾಜಲ್ ಟೆಸ್ಟ್ ಮಾಡಿಸಿ ಬದಲಾಯಿಸಬಹುದು. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಹೊಗೆ ಮಾಲಿನ್ಯ ತಡೆಯುವ ಟ್ರೆಮ್-4 ನಿಯಮ ಬಂತು, ಅದರ ಜೊತೆ ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್‌ಗಳೂ ಬಂದವು. ಅವುಗಳಲ್ಲಿ ಒತ್ತಡ 1,600 ಬಾರ್, ಕೆಲವದರಲ್ಲಿ ಇನ್ನೂ ಮೇಲೆ. ಅಷ್ಟು ಒತ್ತಡದಲ್ಲಿ ನುಗ್ಗುವ ಧೂಳು ಉಕ್ಕನ್ನು ಕೊರೆಯುತ್ತದೆ. ನಾಲ್ಕು ಇಂಜೆಕ್ಟರ್ ಒಟ್ಟಿಗೆ ಹೋದರೆ ಹತ್ತಾರು ಸಾವಿರ ರೂಪಾಯಿ. ಅಡಿಕೆ ರೇಟು ಚೆನ್ನಾಗಿದ್ದ ವರ್ಷವೂ ನೋವಾಗುವ ಮೊತ್ತ.

ಈಗ ನೀರಿನ ಲೆಕ್ಕ.

ಎಲ್ಲರೂ ಹೇಳುವ ಮಾತು ಒಂದಿದೆ. ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ರಾತ್ರಿ ತಂಪಿಗೆ ಒಳಗೆ ಗಾಳಿ ಬೆವರಿ ನೀರಾಗುತ್ತದೆ, ಅದಕ್ಕೇ ಸಂಜೆ ಫುಲ್ ಮಾಡಿಡಿ ಅಂತ. ತಪ್ಪಲ್ಲ. ಆದರೆ ಎಷ್ಟು ನೀರು? 60 ಲೀಟರ್ ಟ್ಯಾಂಕ್ ಅರ್ಧ ಖಾಲಿ ಅಂದುಕೊಳ್ಳಿ, 30 ಲೀಟರ್ ಗಾಳಿ ಇದೆ. ಹಗಲಿಗೂ ರಾತ್ರಿಗೂ 10 ಡಿಗ್ರಿ ವ್ಯತ್ಯಾಸವಾದರೆ ಗಾಳಿ ಮೂವತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಅಂದರೆ ಹೊರಗಿನಿಂದ ಒಳಗೆ ಬರುವುದು ದಿನಕ್ಕೆ ಸುಮಾರು ಒಂದು ಲೀಟರ್ ಗಾಳಿ. 30 ಡಿಗ್ರಿಯ ಗಾಳಿ ತೇವದಿಂದ ತುಂಬಿದ್ದರೂ ಒಂದು ಲೀಟರ್‌ನಲ್ಲಿ ಇರುವ ನೀರು 0.03 ಗ್ರಾಂ. ಮೂರು ತಿಂಗಳು ಹೀಗೇ ನಡೆದು, ಬಂದ ನೀರೆಲ್ಲ ಒಳಗೇ ಉಳಿದರೂ ಮೂರು ಗ್ರಾಂ ಮುಟ್ಟುವುದಿಲ್ಲ, ಒಂದು ಟೀ ಚಮಚವೂ ತುಂಬುವುದಿಲ್ಲ. ಅದೂ ಮಳೆಗಾಲದಲ್ಲಿ ನಮ್ಮ ಕಡೆ ಹಗಲು ರಾತ್ರಿಗೆ 10 ಡಿಗ್ರಿ ವ್ಯತ್ಯಾಸ ಎಲ್ಲಿರುತ್ತದೆ? ಅದು ಇರುವುದು ಡಿಸೆಂಬರ್, ಜನವರಿಯಲ್ಲಿ. ಬಿಎಸ್-6 ಮಾನದಂಡವೇ ಒಂದು ಕಿಲೋ ಡೀಸೆಲ್‌ನಲ್ಲಿ 200 ಮಿಲಿಗ್ರಾಂವರೆಗೆ ನೀರನ್ನು ಒಪ್ಪುತ್ತದೆ. 60 ಲೀಟರ್‌ಗೆ ಅದು ಹತ್ತು ಗ್ರಾಂ ಆಯಿತು. ಬೆವರಿನ ನೀರು ಅದರ ಮುಂದೆ ಏನೂ ಅಲ್ಲ.

ಹಾಗಾದರೆ ಫಿಲ್ಟರ್ ಬೌಲ್‌ನಲ್ಲಿ ಕಾಣುವ ಅರ್ಧ ಲೋಟ ನೀರು? ಅದು ಗಾಳಿಯ ತೇವವಾಗಿ ಬಂದದ್ದಲ್ಲ, ನೀರಾಗಿಯೇ ಬಂದದ್ದು.

ಸೋರುವ ಸೂರಿನಡಿ ಇಲ್ಲವೇ ಬಯಲಲ್ಲಿ ನಿಲ್ಲಿಸಿಟ್ಟ 200 ಲೀಟರ್ ಬ್ಯಾರಲ್ ಮುಚ್ಚಳದ ಸುತ್ತ ಎತ್ತರದ ಅಂಚಿರುತ್ತದೆ. ಮಳೆ ಬಂದರೆ ಅದರೊಳಗೆ ನೀರು ನಿಲ್ಲುತ್ತದೆ, ಒಂದು ಸೆಂಟಿಮೀಟರ್ ನಿಂತರೂ ಎರಡು ಲೀಟರ್ ದಾಟುತ್ತದೆ. ಮುಚ್ಚಳದಲ್ಲಿರುವ ಬಿರಡೆಗಳು ಎರಡೂ ಆ ನೀರಿನಡಿಯಲ್ಲಿ. ಬ್ಯಾರಲ್ ಅರ್ಧ ಖಾಲಿ, ಒಳಗೆ 100 ಲೀಟರ್ ಗಾಳಿ. ಮಧ್ಯಾಹ್ನ ಹೊಳವಾಗಿ ಬಿಸಿಲು ಬಿದ್ದು ಬ್ಯಾರಲ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಿ ಬಿರಡೆ ಸಂದಿಯಿಂದ ಒಂದಷ್ಟು ಹೊರಗೆ ಹೋಗುತ್ತದೆ. ಸಂಜೆ ರಪ್ಪಂತ ಮಳೆ. 20 ಡಿಗ್ರಿ ತಣ್ಣಗಾದರೆ ಒಳಗಿನ ಗಾಳಿ ಆರು ಲೀಟರ್‌ನಷ್ಟು ಕುಗ್ಗುತ್ತದೆ, ಆ ಜಾಗ ತುಂಬಲು ಬ್ಯಾರಲ್ ಎಳೆಯುತ್ತದೆ. ಬಿರಡೆ ಮೇಲೆ ಗಾಳಿ ಇದ್ದಿದ್ದರೆ ಗಾಳಿ ಬರುತ್ತಿತ್ತು, ಅದರ ಜೊತೆ ಹೆಚ್ಚೆಂದರೆ 0.2 ಗ್ರಾಂ ನೀರು. ಬಿರಡೆ ಮೇಲೆ ನೀರು ನಿಂತಿದ್ದರೆ? ನೀರೇ ಬರುತ್ತದೆ. ವಾಷರ್ ಸವೆದ ಬಿರಡೆಯಾದರೆ ಒಂದೇ ಮಳೆಗೆ ಲೋಟಗಟ್ಟಲೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುವ ಆಗುಂಬೆಯಂಥ ಊರಿನ ಸುತ್ತಮುತ್ತ ಇದು ಎಷ್ಟು ಸಲ ನಡೆಯಬಹುದು ಅಂತ ನೀವೇ ಲೆಕ್ಕ ಹಾಕಿ.

ಇದಕ್ಕೆ ಪರಿಹಾರ ಪುಕ್ಕಟೆ. ಬ್ಯಾರಲ್ ಸೂರಿನ ಕೆಳಗಿರಲಿ, ಸೋರದ ಸೂರು. ಬಯಲಲ್ಲೇ ಇಡಬೇಕಾದರೆ ಬುಡಕ್ಕೆ ಒಂದು ಮರದ ತುಂಡು ಕೊಟ್ಟು ವಾರೆ ಮಾಡಿ, ನೀರು ಬಿರಡೆಗಳಿಲ್ಲದ ಪಕ್ಕಕ್ಕೆ ಇಳಿಯುವ ಹಾಗೆ. ಬಿರಡೆಯ ವಾಷರ್ ವರ್ಷಕ್ಕೊಮ್ಮೆ ಬದಲಿಸಿ. ಟ್ರ್ಯಾಕ್ಟರ್ ಟ್ಯಾಂಕ್ ಮುಚ್ಚಳಕ್ಕೂ ಗಾಳಿಯಾಡಲು ಸಣ್ಣ ತೂತಿರುತ್ತದೆ. ಕೇಜ್ ವೀಲ್ ಹಾಕಿ ಗದ್ದೆ ಹೊಡೆದು ಬಂದ ಮೇಲೆ ಪ್ರೆಶರ್ ಪೈಪ್ ಹಿಡಿದು ಕೆಸರು ತೊಳೆಯುವಾಗ ನೀರನ್ನು ಅಲ್ಲಿಗೆ ಗುರಿಯಿಟ್ಟು ಹೊಡೆಯಬಾರದು ಅಷ್ಟೇ. ಮಳೆಯಲ್ಲಿ ಗದ್ದೆ ಬದುವಿನ ಮೇಲೆ ನಿಂತು ಡೀಸೆಲ್ ಹಾಕುವುದಂತೂ ಬೇಡವೇ ಬೇಡ, ಒಂದು ಕೊಡೆ ಹಿಡಿಯೋಕೆ ಜನ ಸಿಗದಿದ್ದರೆ ಮನೆಯಲ್ಲೇ ತುಂಬಿಸಿಕೊಂಡು ಹೊರಡಿ.

ಮಲೆನಾಡಿನದೇ ಆದ ಇನ್ನೊಂದು ತೊಂದರೆ ಇದೆ. ಅಡಿಕೆಗೆ ಕೊಳೆ ಬರಬಾರದು ಅಂತ ಬೋರ್ಡೋ ಹೊಡೆಯುತ್ತೇವಲ್ಲ, ಮೈಲುತುತ್ತ, ಸುಣ್ಣ ಕಲಸಿದ ಬ್ಯಾರಲ್ಲನ್ನೇ ತೊಳೆದು ಡೀಸೆಲ್ಲಿಗೆ ಹಾಕಿಕೊಳ್ಳುವವರು ಇದ್ದಾರೆ. ಎಷ್ಟು ತೊಳೆದರೂ ಸುಣ್ಣದ ಪುಡಿ ಒಳಗೆ ಅಂಟಿರುತ್ತದೆ. ಮೈಲುತುತ್ತದಲ್ಲಿ ತಾಮ್ರ ಇದೆ, ತಾಮ್ರ ತಗುಲಿದರೆ ಡೀಸೆಲ್ ಬೇಗ ಹಳತಾಗಿ ಅಂಟುಅಂಟಾಗುತ್ತದೆ. ಸತುವಿನ ಲೇಪ ಇರುವ ಜಿಐ ಡ್ರಮ್ಮೂ ಆಗದು, ಸತು ಡೀಸೆಲ್ ಜೊತೆ ಸೇರಿ ನಾಜಲ್‌ನಲ್ಲಿ ಗಸಿ ಕಟ್ಟುತ್ತದೆ. ಡೀಸೆಲ್ಲಿಗೆ ಅಂತಲೇ ಒಂದು ಬ್ಯಾರಲ್, ಒಂದು ಕ್ಯಾನ್, ಮುಚ್ಚಿಡುವ ಒಂದು ಆಲಿಕೆ ಇಟ್ಟುಕೊಳ್ಳಿ.

ಬಟ್ಟೆಯಲ್ಲಿ ಸೋಸಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಪಂಚೆ ಬಟ್ಟೆಯ ನೂಲಿನ ಸಂದುಗಳು ಮೈಕ್ರಾನ್ ಲೆಕ್ಕದಲ್ಲಿ ಹೆಬ್ಬಾಗಿಲು, ಮೇಲಿಂದ ಬಟ್ಟೆಯ ನಾರೂ ಸೇರಿಕೊಳ್ಳುತ್ತದೆ. ಅದಕ್ಕಿಂತ ಒಳ್ಳೇ ಸೋಸುವ ವಿಧಾನ ಸುಮ್ನೆ ಇರುವುದು. 5 ಮೈಕ್ರಾನ್‌ನ ಮಣ್ಣಿನ ಕಣ ನಿಂತ ಡೀಸೆಲ್‌ನಲ್ಲಿ ಗಂಟೆಗೆ ಸುಮಾರು 3 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಬ್ಯಾರಲ್ ಎತ್ತರ 90 ಸೆಂಟಿಮೀಟರ್ ಹತ್ತಿರ. ತುಂಬಿಸಿ ಒಂದೂವರೆ ದಿನ ಅಲುಗಾಡಿಸದೆ ಬಿಟ್ಟರೆ ಅಂಥ ಕಣಗಳು ತಳ ಸೇರುತ್ತವೆ. ಸಣ್ಣ ನೀರಿನ ಹನಿಗಳು ಇನ್ನೂ ನಿಧಾನ, ಆದರೆ ಒಂದಕ್ಕೊಂದು ಸೇರಿ ದೊಡ್ಡದಾಗುತ್ತಾ ಅವೂ ಇಳಿಯುತ್ತವೆ. ಅದಕ್ಕೇ ಬ್ಯಾರಲ್‌ಗೆ ಹಾಕುವ ಪಂಪಿನ ಪೈಪ್ ತಳ ಮುಟ್ಟಬಾರದು, ಸ್ವಲ್ಪ ಮೇಲಿರಬೇಕು. ಕೊನೇ ಹತ್ತು ಲೀಟರ್ ಬಗ್ಗಿಸಿ ಟ್ಯಾಂಕ್‌ಗೆ ಸುರಿಯುವ ಆಸೆ ಬಿಡಬೇಕು.

ತಳದ ನೀರನ್ನು ಹಾಗೇ ಬಿಟ್ಟರೆ ಅಲ್ಲಿ ಜೀವ ಹುಟ್ಟಿಕೊಳ್ಳುತ್ತದೆ. ಡೀಸೆಲ್, ನೀರು ಸೇರುವ ಗೆರೆಯಲ್ಲಿ ಬೆಳೆಯುವ ಬೂಷ್ಟುಗಳಿವೆ. ‘ಅಮಾರ್ಫೋಥೀಕಾ ರೆಸಿನೇ’ ಅನ್ನೋದು ಅವುಗಳಲ್ಲಿ ಹೆಸರುವಾಸಿ, ವಿಮಾನಗಳ ಇಂಧನ ಟ್ಯಾಂಕನ್ನೂ ಕಾಡಿದ್ದು. ನೀರಿನಲ್ಲಿ ಕೂತು ಡೀಸೆಲ್ ತಿನ್ನುತ್ತದೆ. ನಮ್ಮ ಕಡೆಯ ಬೆಚ್ಚಗಿನ ತೇವ ಅದಕ್ಕೆ ಹೇಳಿ ಮಾಡಿಸಿದ್ದು. ಫಿಲ್ಟರ್ ಮೇಲೆ ಕಂದು ಲೋಳೆ ಮೆತ್ತಿಕೊಂಡಿದ್ದರೆ, ಹುಳಿ ವಾಸನೆ ಇದ್ದರೆ ಇದೇ. ಹೊಸ ಫಿಲ್ಟರ್ ಹಾಕಿದರೂ ವಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ, ಟ್ಯಾಂಕ್ ಇಳಿಸಿ ತೊಳೆಯದೆ ಗತಿಯಿಲ್ಲ. ನೀರಿಲ್ಲದಿದ್ದರೆ ಅದು ಬೆಳೆಯುವುದೇ ಇಲ್ಲ.

ಫಿಲ್ಟರ್ ವಿಷಯದಲ್ಲಿ ಒಂದು ಅಭ್ಯಾಸ ಮಾತ್ರ ನನಗೆ ಅರ್ಥವಾಗುವುದಿಲ್ಲ. ಏರ್ ಬೇಗ ಹೋಗಲಿ ಅಂತ ಹೊಸ ಫಿಲ್ಟರ್‌ನ ನಡುವಿನ ದೊಡ್ಡ ತೂತಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುತ್ತಾರೆ. ತಿರುಗಿಸಿ ಕೂರಿಸುವ ಫಿಲ್ಟರ್‌ಗಳಲ್ಲಿ ಆ ನಡುವಿನ ತೂತು ಸೋಸಿದ ಡೀಸೆಲ್ ಹೊರಗೆ ಹೋಗುವ ದಾರಿ. ಅಲ್ಲಿಗೆ ಸುರಿದದ್ದು ಸೋಸದೆ ನೇರ ಪಂಪಿಗೆ, ಅಲ್ಲಿಂದ ನಾಜಲ್‌ಗೆ. ಹೊಸ ಫಿಲ್ಟರ್ ಹಾಕಿದ ದಿನವೇ ಕಸ ಕುಡಿಸಿದ ಹಾಗಾಯಿತು ಅಲ್ವಾ? ಖಾಲಿ ಫಿಲ್ಟರನ್ನೇ ಕೂರಿಸಿ, ಕೈಪಂಪ್ ಒತ್ತಿ ಏರ್ ತೆಗೆಯಿರಿ. ಕೈ ನೋಯುತ್ತದೆ, ನಿಜ. ಪೇಪರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದೂ ಇದೇ ಜಾತಿಯ ಉಳಿತಾಯ.

ಫಿಲ್ಟರ್ ಕೆಳಗಿನ ಡ್ರೈನ್ ನಟ್ ಸಡಿಲಿಸಿ ನೀರು ತೆಗೆಯಲು ಸರಿಯಾದ ಹೊತ್ತು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ. ರಾತ್ರಿಯೆಲ್ಲ ನಿಂತು ನೀರು ತಳಕ್ಕೆ ಇಳಿದಿರುತ್ತದೆ, ಗಾಡಿ ಓಡಿ ಕುಲುಕಿದ ಮೇಲೆ ಮತ್ತೆ ಬೆರೆತುಹೋಗುತ್ತದೆ. ಬಂದದ್ದನ್ನು ನೆಲಕ್ಕೆ ಬಿಡದೆ ಗಾಜಿನ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಪದರ ಕಾಣದೆ ಡೀಸೆಲ್ ಮಸುಕಾಗಿದ್ದರೂ ಒಳಗೆ ನೀರಿದೆ ಅಂತಲೇ ಅರ್ಥ. ಮಳೆಗಾಲದಲ್ಲಿ ಇದು ದಿನದ ಕೆಲಸ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಾಕು.

ನೀರು ಲೋಟಗಟ್ಟಲೆ ಬಂದರೆ, ಅಥವಾ ಹೊಸ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹತ್ತಿದರೆ, ‘ಇದೊಂದು ಗದ್ದೆ ಮುಗಿಸಿಬಿಡೋಣ’ ಅನ್ನಬೇಡಿ. ಸೆಲ್ಫ್ ಹೊಡೆದಷ್ಟೂ ನೀರು ಪಂಪಿನಿಂದ ನಾಜಲ್‌ಗೆ ಹೋಗುತ್ತದೆ. ಕೀ ಆಫ್ ಮಾಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ. ಆಮೇಲೆ ಬ್ಯಾರಲ್ ತಳದಿಂದಲೂ ಒಂದು ಬಾಟಲಿ ತೆಗೆದು ನೋಡಿ, ಇಲ್ಲದಿದ್ದರೆ ಅದೇ ಡೀಸೆಲ್ಲನ್ನೇ ಮತ್ತೆ ತುಂಬಿಸುತ್ತೀರಿ.